ರೇಡಿಯೊ ಆವೃತ್ತಿ ಮಂಡಲ ವಿನ್ಯಾಸದ ಬೋಧನಾ ಪ್ರಯೋಗಾಲಯ

ರೇಡಿಯೊ ತರಂಗಗಳನ್ನು ಉತ್ಪಾದಿಸುವ, ವರ್ಧಿಸುವ, ಸೋಸುವ, ಬಿತ್ತರಿಸುವ ಮತ್ತು ಗ್ರಹಿಸುವ ವಿದ್ಯುನ್ಮಂಡಲಗಳನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ವಿನ್ಯಾಸಗೊಳಿಸಿ, ಕೈಯಾರೆ ತಯಾರಿಸಿ, ಅಳೆದು ಪರಿಶೀಲಿಸಲು ವಿಶ್ವವಿದ್ಯಾಲಯಗಳು ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಏರ್ಪಡಿಸುವ ಕಲಿಕೆಯ ತಾಣವೇ ರೇಡಿಯೊ ಆವೃತ್ತಿ ಮಂಡಲ ವಿನ್ಯಾಸದ ಬೋಧನಾ ಪ್ರಯೋಗಾಲಯ. ವಿದ್ಯುತ್ ಪ್ರವಾಹ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ದಿಕ್ಕು ಬದಲಿಸಿ ಮೊದಲಿನ ಸ್ಥಿತಿಗೆ ಮರಳುತ್ತದೆಯೋ ಆ ಸಂಖ್ಯೆಯನ್ನು ಆವೃತ್ತಿ ಎನ್ನುತ್ತಾರೆ; ಅದರ ಮಾನ ಹರ್ಟ್ಸ್. ಸ್ಥೂಲವಾಗಿ 3 ಕಿಲೋಹರ್ಟ್ಸ್‌ನಿಂದ 300 ಗಿಗಾಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ರೇಡಿಯೊ ಆವೃತ್ತಿಗಳೆಂದೂ ಅವುಗಳಲ್ಲಿ ಸುಮಾರು 1 ಗಿಗಾಹರ್ಟ್ಸ್‌ಗೆ ಮೇಲ್ಪಟ್ಟವನ್ನು ರೂಢಿಯಲ್ಲಿ ಮೈಕ್ರೋವೇವ್ ಎಂದೂ ಕರೆಯುತ್ತಾರೆ. ಆಕಾಶವಾಣಿ, ಮೊಬೈಲ್ ಫೋನ್, ವೈಫೈ, ರಾಡಾರ್, ಉಪಗ್ರಹ ಸಂಪರ್ಕಗಳೆಲ್ಲ ಈ ವ್ಯಾಪ್ತಿಯೊಳಗೆ ಬರುತ್ತವೆ.

ಸಂವಹನ ಸಿದ್ಧಾಂತವನ್ನು ಕಲಿಸುವ ಸಾಮಾನ್ಯ ಕಮ್ಯುನಿಕೇಷನ್ ಲ್ಯಾಬ್‌ಗೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ಸಂಕೇತವನ್ನು ವಾಹಕ ತರಂಗದ ಮೇಲೆ ಹೇರುವ ಬಗೆ, ಅಂದರೆ ಮಾಡ್ಯುಲೇಷನ್, ಮುಖ್ಯವಾದರೆ ಇಲ್ಲಿ ಆ ತರಂಗವನ್ನು ಹೊತ್ತು ಸಾಗಿಸುವ ಮಂಡಲವೇ ಅಧ್ಯಯನದ ವಸ್ತು. ಲೆಕ್ಕದಿಂದ ನಿರೀಕ್ಷಿಸಿದ ಫಲಕ್ಕೂ ಉಪಕರಣ ತೋರಿಸಿದ ಫಲಕ್ಕೂ ಇರುವ ಅಂತರವನ್ನು ವಿವರಿಸುವುದು ಇಂಥ ಪ್ರಯೋಗಾಲಯದ ಕೇಂದ್ರ ಕಾರ್ಯ. ಆ ಹೋಲಿಕೆಗೆ ಎಡೆಯಿಲ್ಲದ ಕಡೆ ವಿನ್ಯಾಸ ಪ್ರಯೋಗಾಲಯವೆಂಬ ಹೆಸರು ಪೂರ್ಣವಾಗಿ ಸಲ್ಲುವುದಿಲ್ಲ.

ಪ್ರತ್ಯೇಕ ಪ್ರಯೋಗಾಲಯದ ಅಗತ್ಯ

ಕಡಿಮೆ ಆವೃತ್ತಿಯ ಎಲೆಕ್ಟ್ರಾನಿಕ್ಸ್‌ನಲ್ಲಿ ಎರಡು ಬಿಡಿಭಾಗಗಳನ್ನು ಜೋಡಿಸುವ ತಂತಿಗೆ ತನ್ನದೇ ಆದ ಗುಣವಿಲ್ಲವೆಂದು ಭಾವಿಸಲಾಗುತ್ತದೆ. ರೇಡಿಯೊ ಆವೃತ್ತಿಯಲ್ಲಿ ಈ ಎಣಿಕೆ ನಿಲ್ಲುವುದಿಲ್ಲ. ತೆಳುವಾದ ತಂತಿಗೆ ಪ್ರತಿ ಮಿಲಿಮೀಟರಿಗೆ ಸುಮಾರು 1 ನ್ಯಾನೊಹೆನ್ರಿಯಷ್ಟು ಇಂಡಕ್ಟೆನ್ಸ್ ಇರುತ್ತದೆ. ಅಂದರೆ ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ ಅದರಲ್ಲಿ ಅಷ್ಟು ಇದೆ. 10 ಮಿಲಿಮೀಟರ್ ತಂತಿ 1 ಕಿಲೋಹರ್ಟ್ಸ್‌ನಲ್ಲಿ ಒಡ್ಡುವ ತಡೆ ಒಂದು ಓಮ್‌ನ ಹತ್ತು ಸಾವಿರದ ಒಂದು ಪಾಲಿಗಿಂತ ಕಡಿಮೆ. ಅದೇ ತಂತಿ ವೈಫೈ ಬಳಸುವ 2.4 ಗಿಗಾಹರ್ಟ್ಸ್‌ನಲ್ಲಿ ಸುಮಾರು 150 ಓಮ್‌ಗಳ ತಡೆಯಾಗುತ್ತದೆ. ಹೀಗಾಗಿ ಇತರ ಲ್ಯಾಬ್‌ಗಳಲ್ಲಿ ನಿತ್ಯ ಬಳಸುವ ಬ್ರೆಡ್‌ಬೋರ್ಡ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆಸಿಲೋಸ್ಕೋಪಿನ ಸಾಮಾನ್ಯ ಪ್ರೋಬ್ ಸುಮಾರು 10 ಪಿಕೊಫ್ಯಾರಡ್ ಧಾರಕತೆಯನ್ನು ಮಂಡಲಕ್ಕೆ ಸೇರಿಸುವುದರಿಂದ ಅದನ್ನು ತಾಗಿಸಿದ ಕೂಡಲೇ ಆಂದೋಲಕದ ಆವೃತ್ತಿ ಸರಿದುಹೋಗಬಹುದು, ಇಲ್ಲವೆ ಆಂದೋಲನವೇ ನಿಂತುಹೋಗಬಹುದು.

ಮಂಡಲದ ಉದ್ದ ತರಂಗದೂರಕ್ಕೆ ಹೋಲಿಸಬಹುದಾದಷ್ಟು ಆದಾಗ ವೋಲ್ಟೇಜು ಮತ್ತು ಪ್ರವಾಹಗಳು ತಂತಿಯ ಉದ್ದಕ್ಕೂ ಒಂದೇ ಸಮನಾಗಿರದೆ ಬಿಂದುವಿನಿಂದ ಬಿಂದುವಿಗೆ ಬದಲಾಗುತ್ತವೆ. ಆದುದರಿಂದ ಅವುಗಳನ್ನು ನೇರವಾಗಿ ಅಳೆಯುವುದಕ್ಕೆ ಬದಲು ಮಂಡಲದ ಪ್ರತಿಯೊಂದು ದ್ವಾರಕ್ಕೆ ಎಷ್ಟು ತರಂಗ ಹೋಯಿತು, ಎಷ್ಟು ಪ್ರತಿಫಲಿಸಿತು, ಎಷ್ಟು ಮತ್ತೊಂದು ದ್ವಾರದಿಂದ ಹೊರಬಂತು ಎಂಬ ಅನುಪಾತಗಳನ್ನು ಅಳೆಯುತ್ತಾರೆ. ಈ ಅನುಪಾತಗಳಿಗೆ ಎಸ್-ಪ್ಯಾರಾಮೀಟರ್‌ಗಳೆಂದು ಹೆಸರು. ಪಾರ ಮತ್ತು ಪ್ರಾವಸ್ಥೆ, ಅಂದರೆ ತರಂಗದ ಎತ್ತರ ಮತ್ತು ಅದು ತನ್ನ ಆವರ್ತದಲ್ಲಿ ಮುಟ್ಟಿರುವ ಹಂತ, ಎರಡನ್ನೂ ಇವು ಒಳಗೊಳ್ಳುತ್ತವೆ.

ಹಿನ್ನೆಲೆ

ಜರ್ಮನಿಯ ಕಾರ್ಲ್ಸ್‌ರೂಹದಲ್ಲಿ ಹೈನ್ರಿಕ್ ಹರ್ಟ್ಸ್ 1886ರಿಂದ 1888ರವರೆಗೆ ನಡೆಸಿದ ಪ್ರಯೋಗಗಳು ವಿದ್ಯುತ್ಕಾಂತೀಯ ತರಂಗಗಳ ಅಸ್ತಿತ್ವವನ್ನು ಸಾಬೀತುಗೊಳಿಸಿದವು. ಅವು ನಡೆದದ್ದು ಶಿಕ್ಷಣ ಸಂಸ್ಥೆಯ ಭೌತವಿಜ್ಞಾನ ಕೊಠಡಿಯಲ್ಲಿ. ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಜಗದೀಶಚಂದ್ರ ಬೋಸ್ 1890ರ ದಶಕದ ನಡುಭಾಗದಲ್ಲಿ ತರಂಗದೂರವನ್ನು ಮಿಲಿಮೀಟರುಗಳ ಮಟ್ಟಕ್ಕೆ ಇಳಿಸಿ, ಕಹಳೆಯಾಕಾರದ ಆಂಟೆನಾ ಮತ್ತು ಗೆಲೀನಾ ಹರಳಿನ ಗ್ರಾಹಕಗಳನ್ನು ರೂಪಿಸಿದರು. ಇಂದಿನ ಬೋಧನಾ ಬೆಂಚಿನ ಮೇಲಿರುವ ಹಾರ್ನ್ ಆಂಟೆನಾ ಮತ್ತು ಅರೆವಾಹಕ ಡಿಟೆಕ್ಟರುಗಳ ಆದಿರೂಪಗಳು ಅವು. ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಶಿಶಿರ್ ಕುಮಾರ್ ಮಿತ್ರ 1920ರ ದಶಕದಲ್ಲಿ ನಿಸ್ತಂತು ವಿಷಯದ ಬೋಧನೆಗೆ ನೆಲೆ ಒದಗಿಸಿದರು. ಅದರ ಫಲವಾಗಿ ಅಲ್ಲಿ ರೇಡಿಯೊ ಭೌತವಿಜ್ಞಾನ ಮತ್ತು ಎಲೆಕ್ಟ್ರಾನಿಕ್ಸ್‌ಗೆ ಮೀಸಲಾದ ವಿಭಾಗ 1949ರಲ್ಲಿ ರೂಪುಗೊಂಡಿತು.

ಎರಡನೆಯ ಮಹಾಯುದ್ಧ ಈ ಕ್ಷೇತ್ರದ ಸ್ವರೂಪವನ್ನೇ ಬದಲಿಸಿತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1940ರಲ್ಲಿ ರಾಡಾರ್ ಸಂಶೋಧನೆಗಾಗಿ ಆರಂಭವಾದ ರೇಡಿಯೇಷನ್ ಲ್ಯಾಬೊರೇಟರಿ ಯುದ್ಧ ಮುಗಿದ ಮೇಲೆ ಮುಚ್ಚಿತಾದರೂ ಅಲ್ಲಿ ದೊರೆತ ಜ್ಞಾನವನ್ನೆಲ್ಲ 28 ಸಂಪುಟಗಳಾಗಿ ಪ್ರಕಟಿಸಲಾಯಿತು. ಅವುಗಳಲ್ಲಿ 1947ರಲ್ಲಿ ಹೊರಬಂದ ಮೈಕ್ರೋವೇವ್ ಅಳತೆಗಳ ಸಂಪುಟವೂ ಒಂದು. ಯುದ್ಧೋತ್ತರ ಕಾಲದಲ್ಲಿ ವಿಶ್ವವಿದ್ಯಾಲಯಗಳು ಕಟ್ಟಿಕೊಂಡ ಮೈಕ್ರೋವೇವ್ ಲ್ಯಾಬ್‌ಗಳ ಮಾದರಿ ಬಹುಮಟ್ಟಿಗೆ ಈ ಪರಂಪರೆಯಿಂದ ಬಂದದ್ದು. ಬೆಲ್ ಲ್ಯಾಬ್ಸ್‌ನ ಫಿಲಿಪ್ ಸ್ಮಿತ್ 1939ರಲ್ಲಿ ಪ್ರಕಟಿಸಿದ ವೃತ್ತಾಕಾರದ ನಕ್ಷೆ, ಅಂದರೆ ಸ್ಮಿತ್ ಚಾರ್ಟ್, ದೀರ್ಘವಾದ ಸಂಕೀರ್ಣ ಸಂಖ್ಯೆಗಳ ಲೆಕ್ಕವನ್ನು ಕೈವಾರ ಮತ್ತು ಪೆನ್ಸಿಲಿನ ಕೆಲಸವಾಗಿಸಿತು. ಲೆಕ್ಕಕ್ಕೆ ಕಂಪ್ಯೂಟರ್ ಬಂದು ದಶಕಗಳೇ ಕಳೆದರೂ ಅಳತೆ ಉಪಕರಣಗಳ ಪರದೆಯ ಮೇಲೆ ಇಂದಿಗೂ ಅದೇ ನಕ್ಷೆ ಮೂಡುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ಸಂವಹನ ಎಂಜಿನಿಯರಿಂಗ್ ವಿಭಾಗ 1946ರಲ್ಲಿ ಪ್ರಾರಂಭವಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಕಲಿತ ರಾಜೇಶ್ವರಿ ಚಟರ್ಜಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗ ಮಾಡಿ, ವಾಷಿಂಗ್ಟನ್‌ನ ರಾಷ್ಟ್ರೀಯ ಮಾನಕ ಸಂಸ್ಥೆಯ ರೇಡಿಯೊ ಆವೃತ್ತಿ ಅಳತೆಗಳ ವಿಭಾಗದಲ್ಲಿ ತರಬೇತಿ ಪಡೆದು, 1953ರಲ್ಲಿ ಡಾಕ್ಟರೇಟ್‌ನೊಂದಿಗೆ ಈ ವಿಭಾಗಕ್ಕೆ ಮರಳಿದರು. ಅವರೂ ಅವರ ಪತಿ ಶಿಶಿರ್ ಕುಮಾರ್ ಚಟರ್ಜಿಯವರೂ ಸೇರಿ ಕಟ್ಟಿದ ಮೈಕ್ರೋವೇವ್ ಸಂಶೋಧನಾಲಯ ದೇಶದಲ್ಲಿ ಆ ಬಗೆಯ ಮೊದಲನೆಯವುಗಳಲ್ಲಿ ಎಣಿಸಲ್ಪಡುತ್ತದೆ. ಅಲ್ಲಿ ಕಲಿತವರಲ್ಲಿ ಅನೇಕರು ಬೇರೆ ಸಂಸ್ಥೆಗಳ ಅಧ್ಯಾಪಕರಾದರು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಆಮೇಲೆ ಬಂದ ರಾಡಾರ್ ಮತ್ತು ಬಾಹ್ಯಾಕಾಶ ಸಂಸ್ಥೆಗಳು ಇದೇ ನಗರದಲ್ಲಿ ನೆಲೆ ನಿಂತುದರಿಂದ ರೇಡಿಯೊ ಆವೃತ್ತಿ ತಜ್ಞರಿಗೆ ಬೇಡಿಕೆ ಇಲ್ಲಿ ಮೊದಲಿನಿಂದಲೂ ಇತ್ತು.

1960ರ ದಶಕದಲ್ಲಿ ಅಳತೆಯ ಕ್ರಮ ಮತ್ತೊಮ್ಮೆ ಬದಲಾಯಿತು. ತರಂಗಗಳ ಅನುಪಾತದ ಭಾಷೆಯನ್ನು ಕಾನೆಯುಕಿ ಕುರೊಕಾವಾ 1965ರ ಲೇಖನದಲ್ಲಿ ವ್ಯವಸ್ಥಿತಗೊಳಿಸಿದರೆ, ಹ್ಯೂಲೆಟ್-ಪ್ಯಾಕರ್ಡ್ ಕಂಪನಿ 1967ರಲ್ಲಿ ತಂದ 8410 ನೆಟ್‌ವರ್ಕ್ ಅನಲೈಜರ್ ಆ ಅನುಪಾತಗಳನ್ನು ಪರದೆಯ ಮೇಲೆ ನೇರವಾಗಿ ತೋರಿಸಿತು. 1973ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದ ಸ್ಪೈಸ್ ತಂತ್ರಾಂಶ ಮಂಡಲಗಳ ನಡವಳಿಕೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ, ಅಂದರೆ ಸಿಮ್ಯುಲೇಷನ್ ಮಾಡುವ, ಪದ್ಧತಿಯನ್ನು ಶಿಕ್ಷಣಕ್ಕೆ ತಂದಿತು.

ರಚನೆ ಮತ್ತು ಉಪಕರಣಗಳು

ಪೂರ್ಣ ಪ್ರಮಾಣದ ಪ್ರಯೋಗಾಲಯದಲ್ಲಿ ಮೂರು ಭಾಗಗಳಿರುತ್ತವೆ: ಕಂಪ್ಯೂಟರುಗಳಿರುವ ವಿನ್ಯಾಸ ವಿಭಾಗ, ಫಲಕ ತಯಾರಿಸಿ ಬೆಸುಗೆ ಹಾಕುವ ವಿಭಾಗ ಮತ್ತು ಅಳತೆಯ ಬೆಂಚುಗಳು. ವಿನ್ಯಾಸ ವಿಭಾಗದಲ್ಲಿ ಮಂಡಲವನ್ನು ವಿಶ್ಲೇಷಿಸುವ ಎಡಿಎಸ್, ತರಂಗಗಳ ಕ್ಷೇತ್ರವನ್ನೇ ಲೆಕ್ಕ ಹಾಕುವ ಎಚ್ಎಫ್ಎಸ್ಎಸ್ ಮತ್ತು ಸಿಎಸ್‌ಟಿಯಂಥ ವಾಣಿಜ್ಯ ತಂತ್ರಾಂಶಗಳ ಜೊತೆಗೆ ಕ್ಯೂಕ್ಸ್, ಓಪನ್‌ಇಎಂಎಸ್ ಮೊದಲಾದ ಮುಕ್ತ ತಂತ್ರಾಂಶಗಳೂ ಬಳಕೆಯಲ್ಲಿವೆ.

ಫಲಕದ ಆಯ್ಕೆಯೂ ಇಲ್ಲಿ ವಿನ್ಯಾಸದ ಭಾಗ. ಗಾಜಿನ ನಾರು ಮತ್ತು ಎಪಾಕ್ಸಿಯಿಂದ ಮಾಡಿದ ಎಫ್ಆರ್-4 ಅಗ್ಗ, ಎಲ್ಲ ಕಡೆ ದೊರೆಯುತ್ತದೆ. ಆದರೆ ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ವಿದ್ಯುತ್ ಕ್ಷೇತ್ರವನ್ನು ತನ್ನೊಳಗೆ ಹಿಡಿದುಕೊಳ್ಳುವ ಪ್ರಮಾಣ, ಸುಮಾರು 4.4 ಎಂದು ಹೇಳಲ್ಪಟ್ಟರೂ ಒಂದು ಬ್ಯಾಚಿನ ಫಲಕದಿಂದ ಇನ್ನೊಂದು ಬ್ಯಾಚಿನ ಫಲಕಕ್ಕೆ ಬದಲಾಗುತ್ತದೆ. 4.4 ಎಂದು ಲೆಕ್ಕ ಹಾಕಿದ ಫಲಕ ನಿಜದಲ್ಲಿ 4.6 ಆಗಿದ್ದರೆ 2.4 ಗಿಗಾಹರ್ಟ್ಸ್‌ಗೆ ವಿನ್ಯಾಸಗೊಳಿಸಿದ ಮಂಡಲ ಸುಮಾರು 50 ಮೆಗಾಹರ್ಟ್ಸ್ ಕೆಳಗೆ ಸರಿದು ನಿಲ್ಲುತ್ತದೆ. ವೈಫೈ ಪಟ್ಟಿಯ ಒಟ್ಟು ಅಗಲವೇ 83.5 ಮೆಗಾಹರ್ಟ್ಸ್ ಇರುವಾಗ ಇದು ಅಲ್ಪ ದೋಷವಲ್ಲ. ಟೆಫ್ಲಾನ್ ಆಧಾರಿತ ವಿಶೇಷ ಫಲಕಗಳು ಇದಕ್ಕಿಂತ ನಿಖರವಾದರೂ ಬೆಲೆ ಹಲವು ಪಟ್ಟು ಹೆಚ್ಚು. ಪದವಿ ತರಗತಿಗಳಲ್ಲಿ ಎಫ್ಆರ್-4 ಉಳಿದುಕೊಂಡಿರುವುದಕ್ಕೆ ಬೆಲೆಯೇ ಕಾರಣ. ಫಲಕದ ಒಂದು ಬದಿಯ ತಾಮ್ರವನ್ನು ಪೂರ್ತಿ ಉಳಿಸಿ ಇನ್ನೊಂದು ಬದಿಯಲ್ಲಿ ಪಟ್ಟಿಗಳನ್ನು ಮಾತ್ರ ಉಳಿಸಿದಾಗ ದೊರೆಯುವ ಪ್ರಸರಣ ಮಾರ್ಗಕ್ಕೆ ಮೈಕ್ರೋಸ್ಟ್ರಿಪ್ ಎಂದು ಹೆಸರು. 1.6 ಮಿಲಿಮೀಟರ್ ದಪ್ಪದ ಎಫ್ಆರ್-4 ಮೇಲೆ 50 ಓಮ್‌ನ ಪಟ್ಟಿ ಸುಮಾರು 3 ಮಿಲಿಮೀಟರ್ ಅಗಲವಿರುತ್ತದೆ. ಪಟ್ಟಿಗಳನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ತಾಮ್ರ ಕರಗಿಸಿ ಮೂಡಿಸುತ್ತಾರೆ, ಇಲ್ಲವೆ ಕಂಪ್ಯೂಟರ್ ನಿಯಂತ್ರಿತ ಯಂತ್ರದಿಂದ ಕೆರೆದು ತೆಗೆಯುತ್ತಾರೆ.

ಅಳತೆಯ ಬೆಂಚಿನಲ್ಲಿ ಸಂಕೇತ ಜನಕ, ಒಂದೊಂದು ಆವೃತ್ತಿಯಲ್ಲಿ ಎಷ್ಟೆಷ್ಟು ಶಕ್ತಿಯಿದೆಯೆಂದು ತೋರಿಸುವ ಸ್ಪೆಕ್ಟ್ರಮ್ ಅನಲೈಜರ್, ಎಸ್-ಪ್ಯಾರಾಮೀಟರ್‌ಗಳನ್ನು ಅಳೆಯುವ ವೆಕ್ಟರ್ ನೆಟ್‌ವರ್ಕ್ ಅನಲೈಜರ್ ಮತ್ತು ಪವರ್ ಮೀಟರ್ ಇರುತ್ತವೆ. ಶಕ್ತಿಯನ್ನು 1 ಮಿಲಿವಾಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಡಿಬಿಎಂ ಇಲ್ಲಿನ ಮಾನ. ಆಂಟೆನಾ ಅಳತೆಗೆ ಪ್ರತಿಧ್ವನಿರಹಿತ ಕೋಣೆ ಬೇಕಾಗುತ್ತದೆ. ಇಂಗಾಲ ತುಂಬಿದ ಫೋಮಿನ ಪಿರಮಿಡ್ಡುಗಳನ್ನು ಒಳಮೈಗೆಲ್ಲ ಹೊದಿಸಿದ ಈ ಕೋಣೆಯಲ್ಲಿ ಗೋಡೆಗಳಿಂದ ತರಂಗ ಮರಳುವುದಿಲ್ಲ. ಇಂಥ ಕೋಣೆ ಇಲ್ಲದ ಕಾಲೇಜುಗಳಲ್ಲಿ ತಾರಸಿ ಅಥವಾ ಉದ್ದನೆಯ ಪಡಸಾಲೆಯಲ್ಲಿ ಅಳತೆ ನಡೆಯುತ್ತದೆ.

ಪ್ರಕಾರಗಳು

ಬೋಧನೆಯ ಕ್ರಮವನ್ನು ಅನುಸರಿಸಿ ಈ ಪ್ರಯೋಗಾಲಯಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಒಂದೇ ಸಂಸ್ಥೆಯಲ್ಲಿ ಎರಡು ಮೂರು ಬಗೆಗಳು ಬೆರೆತಿರುವುದೇ ಹೆಚ್ಚು.

ಮೊದಲನೆಯದು ವೇವ್‌ಗೈಡ್ ಬೆಂಚ್. ವೇವ್‌ಗೈಡ್ ಎಂದರೆ ತರಂಗವನ್ನು ಒಳಗೆ ಸಾಗಿಸುವ ಟೊಳ್ಳಾದ ಲೋಹದ ನಳಿಕೆ. ಭಾರತದ ಕಾಲೇಜುಗಳಲ್ಲಿ ದಶಕಗಳಿಂದ ಕಾಣುವುದು 8.2ರಿಂದ 12.4 ಗಿಗಾಹರ್ಟ್ಸ್‌ವರೆಗಿನ ಎಕ್ಸ್-ಬ್ಯಾಂಡ್ ಬೆಂಚ್. ಅದರ ನಳಿಕೆಯ ಒಳ ಅಳತೆ 22.86 ಮಿಲಿಮೀಟರ್ ಅಗಲ, 10.16 ಮಿಲಿಮೀಟರ್ ಎತ್ತರ. ತರಂಗದ ಮೂಲ ರಿಫ್ಲೆಕ್ಸ್ ಕ್ಲಿಸ್ಟ್ರಾನ್ ಎಂಬ ನಿರ್ವಾತ ನಳಿಗೆ, ಇಲ್ಲವೆ ಜೆ. ಬಿ. ಗನ್ 1960ರ ದಶಕದ ಆರಂಭದಲ್ಲಿ ಕಂಡುಹಿಡಿದ ಪರಿಣಾಮವನ್ನು ಆಧರಿಸಿದ ಗನ್ ಡಯೋಡ್. ತಯಾರಾದ ಭಾಗಗಳ ಗುಣಗಳನ್ನು ಅಳೆಯುವುದು ಇಲ್ಲಿನ ಕೆಲಸವಾದುದರಿಂದ ವಿನ್ಯಾಸಕ್ಕೆ ಅವಕಾಶ ಕಡಿಮೆ. ಆದರೆ ಹೋಗುವ ಮತ್ತು ಮರಳುವ ತರಂಗಗಳು ಕೂಡಿ ಉಂಟಾಗುವ ನಿಂತ ತರಂಗವನ್ನು ಕಣ್ಣೆದುರಿಗೆ ತೋರಿಸುವುದರಲ್ಲಿ ಇದಕ್ಕೆ ಸಾಟಿಯಾದ ಇನ್ನೊಂದು ಸಾಧನವಿಲ್ಲ.

ಎರಡನೆಯದು ಮೈಕ್ರೋಸ್ಟ್ರಿಪ್ ಪ್ರಯೋಗಾಲಯ. ವಿದ್ಯಾರ್ಥಿಗಳು ಫಿಲ್ಟರ್, ಶಕ್ತಿ ವಿಭಾಜಕ, ವರ್ಧಕ, ಪ್ಯಾಚ್ ಆಂಟೆನಾಗಳನ್ನು ತಾವೇ ವಿನ್ಯಾಸಗೊಳಿಸಿ ಫಲಕದ ಮೇಲೆ ಮೂಡಿಸುತ್ತಾರೆ.

ಮೂರನೆಯದು ಒಂದು ಪೂರ್ಣ ಸಾಧನವನ್ನು ನಿರ್ಮಿಸುವ ಯೋಜನಾಧಾರಿತ ಪ್ರಯೋಗಾಲಯ. ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಡೇವಿಡ್ ರಟ್ಲೆಜ್ ರೂಪಿಸಿದ ಪಠ್ಯಕ್ರಮ ಇದರ ಪ್ರಸಿದ್ಧ ಮಾದರಿ. 7 ಮೆಗಾಹರ್ಟ್ಸ್‌ನ ಹವ್ಯಾಸಿ ರೇಡಿಯೊ ಪಟ್ಟಿಯಲ್ಲಿ ಮೋರ್ಸ್ ಸಂಕೇತ ಕಳುಹಿಸಿ ಪಡೆಯುವ ನಾರ್‌ಕ್ಯಾಲ್ 40ಎ ಎಂಬ ಸಣ್ಣ ಕಿಟ್‌ನ ಒಂದೊಂದು ಹಂತವನ್ನೂ ವಿದ್ಯಾರ್ಥಿಗಳು ಬೆಸುಗೆ ಹಾಕಿ, ಆ ಹಂತವನ್ನು ಅಳೆದು, ಲೆಕ್ಕದೊಂದಿಗೆ ತಾಳೆ ನೋಡಿ ಮುಂದಿನ ಹಂತಕ್ಕೆ ಹೋಗುತ್ತಾರೆ. ಸುಮಾರು 2.1 ಮೆಗಾಹರ್ಟ್ಸ್‌ನ ಬದಲಾಯಿಸಬಹುದಾದ ಆಂದೋಲಕ ಮತ್ತು 4.9 ಮೆಗಾಹರ್ಟ್ಸ್‌ನ ಮಧ್ಯಂತರ ಆವೃತ್ತಿ ಸೇರಿ 7 ಮೆಗಾಹರ್ಟ್ಸ್ ಆಗುವ ಈ ಸಾಧನದಲ್ಲಿ ಫಿಲ್ಟರ್, ಮಿಕ್ಸರ್, ಆಂದೋಲಕ, ಶಕ್ತಿ ವರ್ಧಕ ಎಲ್ಲವೂ ಒಂದೇ ಫಲಕದ ಮೇಲಿರುವುದರಿಂದ ಇಡೀ ಪಠ್ಯಕ್ರಮಕ್ಕೆ ಒಂದು ಸಾಧನವೇ ಸಾಲುತ್ತದೆ. ಇದನ್ನು ಆಧರಿಸಿದ ಪಠ್ಯಪುಸ್ತಕ 1999ರಲ್ಲಿ ಪ್ರಕಟವಾಯಿತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಲಿಂಕನ್ ಲ್ಯಾಬೊರೇಟರಿಯ ಎಂಜಿನಿಯರುಗಳು 2011ರಲ್ಲಿ ನಡೆಸಿದ ಕಿರು ಪಠ್ಯದಲ್ಲಿ ಎರಡು ಕಾಫಿ ಡಬ್ಬಿಗಳನ್ನೇ ಆಂಟೆನಾಗಳಾಗಿಸಿ 2.4 ಗಿಗಾಹರ್ಟ್ಸ್‌ನ ರಾಡಾರ್ ಕಟ್ಟಲಾಯಿತು; ಲ್ಯಾಪ್‌ಟಾಪಿನ ಧ್ವನಿ ದ್ವಾರದ ಮೂಲಕ ಒಳಬರುವ ಸಂಕೇತದಿಂದ ಚಲಿಸುವ ವಸ್ತುವಿನ ವೇಗ ಮತ್ತು ದೂರವನ್ನು ಅದು ಹೇಳುತ್ತಿತ್ತು. ಬಿಡಿಭಾಗಗಳ ಪಟ್ಟಿಯನ್ನೂ ಪಾಠಗಳನ್ನೂ ಸಾರ್ವಜನಿಕಗೊಳಿಸಿದ್ದರಿಂದ ಈ ಮಾದರಿ ಬೇರೆ ವಿಶ್ವವಿದ್ಯಾಲಯಗಳಿಗೂ ಹರಡಿತು.

ನಾಲ್ಕನೆಯದು ಚಿಪ್ ವಿನ್ಯಾಸದ ಪ್ರಯೋಗಾಲಯ. ಸಿಲಿಕಾನ್ ಚಿಪ್ಪಿನೊಳಗಿನ ರೇಡಿಯೊ ಮಂಡಲಗಳನ್ನು ಇಲ್ಲಿ ವಿನ್ಯಾಸಗೊಳಿಸುತ್ತಾರೆ. ತಯಾರಿಕೆಗೆ ತಿಂಗಳುಗಳೇ ಹಿಡಿಯುವುದರಿಂದ ಒಂದು ಸೆಮಿಸ್ಟರಿನ ಅವಧಿಯಲ್ಲಿ ಬಹುತೇಕ ಕಡೆ ಕೆಲಸ ಸಿಮ್ಯುಲೇಷನ್ ಹಂತದಲ್ಲೇ ನಿಲ್ಲುತ್ತದೆ.

ಪ್ರಮುಖ ಪ್ರಯೋಗಗಳು

ವೇವ್‌ಗೈಡ್ ಬೆಂಚಿನ ಮೂಲ ಪ್ರಯೋಗ ನಿಂತ ತರಂಗದ ಅಳತೆ. ನಳಿಕೆಯ ಅಗಲದ ಮುಖದ ನಡುವೆ ಕೊರೆದ ಉದ್ದನೆಯ ಸೀಳಿನಲ್ಲಿ ಸೂಕ್ಷ್ಮವಾದ ಪ್ರೋಬನ್ನು ಇಳಿಬಿಟ್ಟು, ಅದನ್ನು ಹೊತ್ತ ಗಾಡಿಯನ್ನು ವರ್ನಿಯರ್ ಅಳತೆಪಟ್ಟಿಯ ಮೇಲೆ ನಿಧಾನವಾಗಿ ಸರಿಸುತ್ತಾರೆ. ಹೋಗುವ ತರಂಗವೂ ಪ್ರತಿಫಲಿಸಿ ಬರುವ ತರಂಗವೂ ಕೂಡಿ ಕೆಲವೆಡೆ ಬಲಗೊಂಡು ಕೆಲವೆಡೆ ಕುಂದುವುದರಿಂದ ಮೀಟರಿನ ಮುಳ್ಳು ಏರುತ್ತ ಇಳಿಯುತ್ತ ಹೋಗುತ್ತದೆ. 9.4 ಗಿಗಾಹರ್ಟ್ಸ್‌ನಲ್ಲಿ ಗಾಳಿಯಲ್ಲಿನ ತರಂಗದೂರ 31.9 ಮಿಲಿಮೀಟರ್, ಆದರೆ ಎರಡು ಅಕ್ಕಪಕ್ಕದ ಕನಿಷ್ಠ ಬಿಂದುಗಳ ನಡುವೆ ದೊರೆಯುವ ಅಂತರ 16 ಮಿಲಿಮೀಟರ್ ಅಲ್ಲ, ಸುಮಾರು 22.3 ಮಿಲಿಮೀಟರ್. ನಳಿಕೆಯೊಳಗಿನ ತರಂಗದೂರ ಹೊರಗಿನದಕ್ಕಿಂತ ದೀರ್ಘವೆಂಬ ಸೂತ್ರ ಹೀಗೆ ಅಳತೆಪಟ್ಟಿಯ ಮೇಲೆ ಓದಲು ಸಿಗುತ್ತದೆ. ಗರಿಷ್ಠ ಮತ್ತು ಕನಿಷ್ಠ ವೋಲ್ಟೇಜುಗಳ ಅನುಪಾತವನ್ನು ನಿಂತ ತರಂಗ ಅನುಪಾತ ಎನ್ನುತ್ತಾರೆ. ಅದು 2 ಆಗಿದ್ದರೆ ಶಕ್ತಿಯ ಸುಮಾರು ಶೇ. 11ರಷ್ಟು ಪಾಲು ಹಿಂದಿರುಗುತ್ತಿದೆಯೆಂದು ಅರ್ಥ.

ಮೈಕ್ರೋಸ್ಟ್ರಿಪ್ ಪ್ರಯೋಗಗಳಲ್ಲಿ ಅರ್ನೆಸ್ಟ್ ವಿಲ್ಕಿನ್ಸನ್ 1960ರಲ್ಲಿ ವಿವರಿಸಿದ ಶಕ್ತಿ ವಿಭಾಜಕ ಬೋಧನೆಗೆ ವಿಶೇಷವಾಗಿ ಒದಗಿಬರುತ್ತದೆ. ಒಳಬಂದ ಶಕ್ತಿಯನ್ನು ಇದು ಎರಡು ಸಮಪಾಲು ಮಾಡುತ್ತದೆ. ಕಾಲು ತರಂಗದೂರದ ಎರಡು ಪಟ್ಟಿಗಳು, ಅವುಗಳ ತುದಿಗಳ ನಡುವೆ ಒಂದು 100 ಓಮ್ ರೋಧಕ, ಇಷ್ಟೇ ಇದರ ರಚನೆ. ಪಟ್ಟಿಗಳ ಇಂಪೀಡೆನ್ಸ್, ಅಂದರೆ ಅವುಗಳ ಮೇಲೆ ಸಾಗುವ ತರಂಗದ ವೋಲ್ಟೇಜಿಗೂ ಪ್ರವಾಹಕ್ಕೂ ಇರುವ ಅನುಪಾತ, 70.7 ಓಮ್, 2.4 ಗಿಗಾಹರ್ಟ್ಸ್‌ಗೆ ಎಫ್ಆರ್-4 ಮೇಲೆ ಅವುಗಳ ಉದ್ದ ಸುಮಾರು 17 ಮಿಲಿಮೀಟರ್. ಅಳತೆಯಲ್ಲಿ ಎರಡೂ ಹೊರದ್ವಾರಗಳಿಗೆ 3 ಡೆಸಿಬೆಲ್‌ಗಿಂತ ತುಸು ಹೆಚ್ಚಿನ ಇಳಿತ ಕಾಣುತ್ತದೆ. ಹೊರದ್ವಾರಗಳು ಒಂದಕ್ಕೊಂದು 20 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಪ್ರತ್ಯೇಕವಾಗಿರುತ್ತವೆ. ರೋಧಕದ ಬೆಸುಗೆ ಬಿಡಿಸಿ ತೆಗೆದು ಮತ್ತೆ ಅಳೆದರೆ ಶಕ್ತಿಯ ಹಂಚಿಕೆ ಇದ್ದಂತೆಯೇ ಇರುತ್ತದೆ, ಪ್ರತ್ಯೇಕತೆ ಮಾತ್ರ ಸುಮಾರು 6 ಡೆಸಿಬೆಲ್‌ಗೆ ಕುಸಿಯುತ್ತದೆ. ಹಂಚಿಕೆಯಲ್ಲಿ ಯಾವ ಪಾತ್ರವೂ ಇಲ್ಲದಂತೆ ತೋರುವ ಒಂದು ಬಿಡಿಭಾಗದ ಕೆಲಸವೇನೆಂಬುದು ಈ ಎರಡನೆಯ ಅಳತೆಯಿಂದ ಸ್ಪಷ್ಟವಾಗುತ್ತದೆ.

ಉಂಗುರ ಅನುರಣಕದ ಪ್ರಯೋಗದಲ್ಲಿ ಫಲಕದ ಗುಣವನ್ನೇ ಅಳೆಯುತ್ತಾರೆ. ಉಂಗುರದ ಸರಾಸರಿ ಸುತ್ತಳತೆ ಪಟ್ಟಿಯ ಮೇಲಿನ ಒಂದು ತರಂಗದೂರಕ್ಕೆ ಸಮನಾದಾಗ ಅನುರಣನ ಉಂಟಾಗುತ್ತದೆ. 5.25 ಮಿಲಿಮೀಟರ್ ಸರಾಸರಿ ತ್ರಿಜ್ಯದ ಉಂಗುರ 5 ಗಿಗಾಹರ್ಟ್ಸ್‌ನಲ್ಲಿ ಅನುರಣಿಸಿದರೆ ತರಂಗ ಅನುಭವಿಸುವ ಪರಿಣಾಮಿ ಸ್ಥಿರಾಂಕ ಸುಮಾರು 3.3 ಎಂದು ತಿಳಿಯುತ್ತದೆ. ಪಟ್ಟಿಯ ಅಗಲ ಮತ್ತು ಫಲಕದ ದಪ್ಪವನ್ನು ಸೇರಿಸಿ ಲೆಕ್ಕ ಹಾಕಿದರೆ ಫಲಕದ ನಿಜವಾದ ಸ್ಥಿರಾಂಕ ದೊರೆಯುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದ ಅಡ್ವಾನ್ಸ್ಡ್ ಕಮ್ಯುನಿಕೇಷನ್ ಲ್ಯಾಬ್‌ನಲ್ಲಿ ಮೈಕ್ರೋವೇವ್ ಬೆಂಚಿನ ಅಳತೆ, ಆಂಟೆನಾಗಳ ದಿಶಾತ್ಮಕತೆ, ದಿಶಾ ಸಂಯೋಜಕ ಮತ್ತು ಶಕ್ತಿ ವಿಭಾಜಕಗಳ ಜೊತೆಗೆ ಈ ಪ್ರಯೋಗವೂ ಸೇರಿತ್ತು. ಅಲ್ಲಿ ಬಳಸುವ ಫಲಕಗಳು ಸಾಮಾನ್ಯವಾಗಿ ಸಿದ್ಧವಾಗಿ ಬಂದವೇ.

ಸಕ್ರಿಯ ಮಂಡಲಗಳಲ್ಲಿ ಕಡಿಮೆ ಗದ್ದಲದ ವರ್ಧಕ ಮುಖ್ಯವಾದದ್ದು. ಕೋಣೆಯ ಉಷ್ಣತೆಯಲ್ಲಿ ಯಾವುದೇ ರೋಧಕ ಪ್ರತಿ ಹರ್ಟ್ಸ್ ಅಗಲಕ್ಕೆ ಮೈನಸ್ 174 ಡಿಬಿಎಂ ಗದ್ದಲವನ್ನು ತಾನಾಗಿಯೇ ಉಂಟುಮಾಡುತ್ತದೆ. 1 ಮೆಗಾಹರ್ಟ್ಸ್ ಅಗಲಕ್ಕೆ ಅದು ಮೈನಸ್ 114 ಡಿಬಿಎಂ ಆಗುತ್ತದೆ. ವರ್ಧಕ ಇದಕ್ಕೆ ತನ್ನ ಪಾಲನ್ನು ಎಷ್ಟು ಕಡಿಮೆ ಸೇರಿಸುತ್ತದೆಂಬುದು ಅದರ ಯೋಗ್ಯತೆ. ಸರಣಿಯ ಮೊದಲ ಹಂತದ ಗದ್ದಲವೇ ನಿರ್ಣಾಯಕವೆಂದು ತೋರಿಸುವ ಹೆರಾಲ್ಡ್ ಫ್ರಿಸ್ ಅವರ 1944ರ ಸೂತ್ರವನ್ನು ಇಲ್ಲಿ ಪರಿಶೀಲಿಸುತ್ತಾರೆ. ವರ್ಧಕ ತಾನೇ ಆಂದೋಲಕವಾಗಿಬಿಡುವುದು ವಿದ್ಯಾರ್ಥಿಗಳು ಎದುರಿಸುವ ಸಾಮಾನ್ಯ ತೊಡಕು. ಒಳದ್ವಾರಕ್ಕೆ ಏನನ್ನೂ ಕೊಡದಿದ್ದರೂ ಸ್ಪೆಕ್ಟ್ರಮ್ ಅನಲೈಜರಿನ ಪರದೆಯ ಮೇಲೆ ಚೂಪಾದ ಗೆರೆಯೊಂದು ಎದ್ದು ನಿಂತರೆ ಇದೇ ಕಾರಣವೆಂದು ತಿಳಿಯಬೇಕು. ಜಾನ್ ರೋಲೆಟ್ 1962ರಲ್ಲಿ ನೀಡಿದ ಸ್ಥಿರತಾ ಗುಣಾಂಕವನ್ನು ಕೆಲಸದ ಆವೃತ್ತಿಯಲ್ಲಷ್ಟೇ ಲೆಕ್ಕ ಹಾಕಿ ಉಳಿದ ಆವೃತ್ತಿಗಳನ್ನು ಬಿಟ್ಟಿರುವುದು ಇದಕ್ಕೆ ಸಾಮಾನ್ಯ ಮೂಲ. ವರ್ಧಕದ ರೇಖೀಯತೆಯನ್ನು ಅಳೆಯಲು 900 ಮತ್ತು 901 ಮೆಗಾಹರ್ಟ್ಸ್‌ನಂಥ ಎರಡು ಸಂಕೇತಗಳನ್ನು ಒಟ್ಟಿಗೆ ಕೊಡುತ್ತಾರೆ. ಆಗ 899 ಮತ್ತು 902ರಲ್ಲಿ ಹುಟ್ಟುವ ಬೇಡದ ಸಂಕೇತಗಳು ಒಳಸಂಕೇತ 1 ಡೆಸಿಬೆಲ್ ಏರಿದರೆ 3 ಡೆಸಿಬೆಲ್ ಏರುತ್ತವೆ.

ಅಳತೆಯ ಶಿಸ್ತು

ನೆಟ್‌ವರ್ಕ್ ಅನಲೈಜರ್ ತನ್ನ ಕೇಬಲ್ಲುಗಳ ಗುಣವನ್ನೂ ಮಂಡಲದ ಗುಣವೆಂದೇ ತೋರಿಸುತ್ತದೆ. ಆದುದರಿಂದ ಪ್ರತಿ ಅಳತೆಗೆ ಮುನ್ನ ಕ್ಯಾಲಿಬ್ರೇಷನ್, ಅಂದರೆ ಕೇಬಲ್ಲಿನ ತುದಿಗೆ ಗುಣ ತಿಳಿದ ಮಾದರಿಗಳನ್ನು ಜೋಡಿಸಿ ಉಪಕರಣದ ದೋಷವನ್ನು ಕಳೆಯುವ ಕ್ರಿಯೆ, ಅನಿವಾರ್ಯ. ಮುಚ್ಚಿದ ತುದಿ, ತೆರೆದ ತುದಿ, 50 ಓಮ್ ಹೊರೆ, ನೇರ ಜೋಡಣೆ ಎಂಬ ನಾಲ್ಕು ಮಾದರಿಗಳ ಕ್ರಮ ಹೆಚ್ಚು ಬಳಕೆಯಲ್ಲಿದೆ. ಎಸ್‌ಎಂಎ ಎಂಬ ಸಣ್ಣ ಕನೆಕ್ಟರನ್ನು ಜೋಡಿಸುವಾಗ ಅದರ ನಟ್ಟನ್ನು ಮಾತ್ರ ತಿರುಗಿಸಬೇಕೇ ಹೊರತು ಮೈಯನ್ನಲ್ಲ. ಮೈ ತಿರುಗಿದರೆ ನಡುವಿನ ಸೂಜಿ ಸವೆದು ಮುಂದಿನ ಎಲ್ಲ ಅಳತೆಗಳೂ ಕೆಡುತ್ತವೆ. ಕೊನೆಯ ಬಿಗಿತವನ್ನು ನಿಗದಿತ ಬಲಕ್ಕೆ ತಾನೇ ಮಣಿಯುವ ಟಾರ್ಕ್ ಸ್ಪ್ಯಾನರಿನಿಂದ ಕೊಡುತ್ತಾರೆ. ಕ್ಯಾಲಿಬ್ರೇಷನ್ ಮುಗಿದ ಮೇಲೆ ಕೇಬಲ್ಲುಗಳನ್ನು ಬಾಗಿಸಬಾರದು. ಪ್ರಯೋಗ ಕೈಪಿಡಿಗಳು ಇದನ್ನೆಲ್ಲ ಒಂದೆರಡು ಸಾಲಿನಲ್ಲಿ ಮುಗಿಸುವುದುಂಟು. ಬೆಂಚಿನ ಮುಂದೆ ತಪ್ಪು ಫಲ ಬರುವುದಕ್ಕೆ ಲೆಕ್ಕದ ದೋಷಕ್ಕಿಂತ ಇವೇ ಹೆಚ್ಚಾಗಿ ಕಾರಣವಾಗಿರುತ್ತವೆ.

ಸುರಕ್ಷತೆ ಮತ್ತು ಕಾನೂನು

ಬೋಧನಾ ಬೆಂಚುಗಳ ಮೈಕ್ರೋವೇವ್ ಶಕ್ತಿ ಸಾಮಾನ್ಯವಾಗಿ ಮಿಲಿವಾಟ್‌ಗಳ ಮಟ್ಟದಲ್ಲಿರುವುದರಿಂದ ವಿಕಿರಣದ ಅಪಾಯ ಅಲ್ಪ. ಆದರೂ ತೆರೆದ ವೇವ್‌ಗೈಡಿನೊಳಗೆ ಕಣ್ಣಿಟ್ಟು ನೋಡಬಾರದೆಂಬ ನಿಯಮ ಎಲ್ಲೆಡೆ ಇದೆ. ಕ್ಲಿಸ್ಟ್ರಾನ್ ಬೆಂಚಿನಲ್ಲಿ ನೂರಾರು ವೋಲ್ಟುಗಳಿರುತ್ತವೆ. ಅದರಲ್ಲಿ ತಂಪುಗಾಳಿಯ ಫ್ಯಾನ್, ಆಮೇಲೆ ರಿಪೆಲ್ಲರ್ ವೋಲ್ಟೇಜು, ಕೊನೆಗೆ ಬೀಮ್ ವೋಲ್ಟೇಜು ಎಂಬ ಅನುಕ್ರಮ ತಪ್ಪಿದರೆ ನಳಿಗೆ ಹಾಳಾಗುತ್ತದೆ. ಉಪಕರಣಗಳಿಗೂ ರಕ್ಷಣೆ ಬೇಕು: ಅನೇಕ ಸ್ಪೆಕ್ಟ್ರಮ್ ಅನಲೈಜರುಗಳ ತಾಳಿಕೆಯ ಮಿತಿ 30 ಡಿಬಿಎಂ, ಅಂದರೆ 1 ವಾಟ್, ಹಾಗಾಗಿ ಶಕ್ತಿ ವರ್ಧಕದ ಮುಂದೆ ಶಕ್ತಿ ತಗ್ಗಿಸುವ ಅಟೆನ್ಯುಯೇಟರ್ ಇಲ್ಲದೆ ಅಳತೆಗೆ ಇಳಿಯುವಂತಿಲ್ಲ.

ತರಂಗವನ್ನು ಗಾಳಿಗೆ ಬಿಡುವುದು ಕಾನೂನಿಗೆ ಒಳಪಟ್ಟ ಕ್ರಿಯೆ. ಭಾರತದಲ್ಲಿ 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆಯನ್ನು ತರಲಾಗಿದೆ. 2.4 ಗಿಗಾಹರ್ಟ್ಸ್ ಪಟ್ಟಿ ಮತ್ತು 865 ಮೆಗಾಹರ್ಟ್ಸ್‌ನ ಆಸುಪಾಸಿನ ಪಟ್ಟಿಗಳು ನಿಗದಿತ ಶಕ್ತಿಯೊಳಗೆ ಪರವಾನಗಿಮುಕ್ತವಾಗಿರುವುದರಿಂದ ವಿದ್ಯಾರ್ಥಿ ಯೋಜನೆಗಳು ಹೆಚ್ಚಾಗಿ ಅಲ್ಲೇ ನೆಲೆಗೊಂಡಿವೆ. ಉಳಿದ ಆವೃತ್ತಿಗಳಲ್ಲಿ ಆಂಟೆನಾದ ಬದಲು 50 ಓಮ್ ಹೊರೆಯನ್ನೋ ಕೇಬಲ್ ಜೋಡಣೆಯನ್ನೋ ಲೋಹದ ಕವಚದ ಪೆಟ್ಟಿಗೆಯನ್ನೋ ಬಳಸಬೇಕಾಗುತ್ತದೆ. ಹವ್ಯಾಸಿ ರೇಡಿಯೊ ಪರವಾನಗಿ ಪಡೆದವರಿಗೆ ಅವರಿಗೆ ಮೀಸಲಾದ ಪಟ್ಟಿಗಳು ತೆರೆದಿರುತ್ತವೆ.

ಸದ್ಯದ ಸ್ಥಿತಿ

ಉಪಕರಣಗಳ ಬೆಲೆ ಈ ಪ್ರಯೋಗಾಲಯಗಳ ಬೆಳವಣಿಗೆಗೆ ಬಹುಕಾಲ ಅಡ್ಡಿಯಾಗಿತ್ತು. ಉತ್ತಮ ದರ್ಜೆಯ ನೆಟ್‌ವರ್ಕ್ ಅನಲೈಜರಿಗೆ ಹಲವು ಲಕ್ಷ ರೂಪಾಯಿ ಬೇಕಾಗುವುದರಿಂದ ಅನೇಕ ಕಾಲೇಜುಗಳಲ್ಲಿ ಒಂದೇ ಉಪಕರಣದ ಸುತ್ತ ಇಡೀ ತಂಡ ನಿಂತು ನೋಡುವ, ಒಬ್ಬರು ಅಳೆದ ಅಂಕಿಗಳನ್ನು ಎಲ್ಲರೂ ರೆಕಾರ್ಡಿಗೆ ಬರೆದುಕೊಳ್ಳುವ ಪರಿಪಾಠ ಬೆಳೆಯಿತು. ಈ ಸ್ಥಿತಿಯನ್ನು ಕಳೆದ ಹದಿನೈದು ವರ್ಷಗಳಲ್ಲಿ ಅಗ್ಗದ ಸಾಧನಗಳು ಸ್ವಲ್ಪಮಟ್ಟಿಗೆ ಬದಲಿಸಿವೆ. ಟಿವಿ ನೋಡಲು ತಯಾರಾದ ಯುಎಸ್‌ಬಿ ಡಾಂಗಲ್ ಒಂದನ್ನು ರೇಡಿಯೊ ಗ್ರಾಹಕವಾಗಿ ಬಳಸಬಹುದೆಂದು 2012ರ ಹೊತ್ತಿಗೆ ಹವ್ಯಾಸಿಗಳು ತೋರಿಸಿದರು. ಆರ್‌ಟಿಎಲ್-ಎಸ್‌ಡಿಆರ್ ಎಂದು ಹೆಸರಾದ ಇದು ಫಿಲ್ಟರಿಂಗ್ ಮತ್ತು ಡಿಮಾಡ್ಯುಲೇಷನ್ ಕೆಲಸವನ್ನು ತಂತ್ರಾಂಶಕ್ಕೆ ಒಪ್ಪಿಸುವ ಸಾಫ್ಟ್‌ವೇರ್ ರೇಡಿಯೊ ಪದ್ಧತಿಯನ್ನು ಪದವಿ ತರಗತಿಗಳಿಗೂ ತಲುಪಿಸಿತು. ಅನಲಾಗ್ ಡಿವೈಸಸ್ ಕಂಪನಿ ವಿದ್ಯಾರ್ಥಿಗಳಿಗೆಂದೇ ತಂದ ಪ್ಲೂಟೊ ಫಲಕ 325 ಮೆಗಾಹರ್ಟ್ಸ್‌ನಿಂದ 3.8 ಗಿಗಾಹರ್ಟ್ಸ್‌ವರೆಗೆ ಕಳುಹಿಸುವ ಮತ್ತು ಗ್ರಹಿಸುವ ಎರಡೂ ಕೆಲಸ ಮಾಡುತ್ತದೆ. ಜಪಾನಿನ ಹವ್ಯಾಸಿಯೊಬ್ಬರ ಮುಕ್ತ ವಿನ್ಯಾಸದಿಂದ ಬೆಳೆದು 2019ರಿಂದ ವ್ಯಾಪಕವಾಗಿ ಮಾರಾಟವಾಗುತ್ತಿರುವ ಅಂಗೈಯಗಲದ ನ್ಯಾನೊವಿಎನ್ಎ, ತನ್ನ ಮೊದಲ ರೂಪಗಳಲ್ಲಿ 900 ಮೆಗಾಹರ್ಟ್ಸ್‌ವರೆಗೆ ಎಸ್-ಪ್ಯಾರಾಮೀಟರ್ ಅಳೆಯುತ್ತಿತ್ತು. ನಿಖರತೆಯಲ್ಲಿ ಇವು ದೊಡ್ಡ ಉಪಕರಣಗಳಿಗೆ ಸಮವಲ್ಲ; ಆದರೆ ಪ್ರತಿ ವಿದ್ಯಾರ್ಥಿಯ ಕೈಗೂ ಅಳತೆಯನ್ನು ತಲುಪಿಸುವ ಮಟ್ಟಿಗೆ ಸಾಕಾಗುತ್ತವೆ.

ಇದರ ಜೊತೆಯಲ್ಲೇ ವಿರುದ್ಧ ದಿಕ್ಕಿನ ಚಲನೆಯೂ ಇದೆ. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ಪಾಲುದಾರನಾಗಿರುವ, ಕೇಂದ್ರ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಪ್ರಯೋಗಗಳನ್ನು ಕಂಪ್ಯೂಟರ್ ಪರದೆಯ ಮೇಲೆ ನಡೆಸಬಹುದು. ಉಪಕರಣವಿಲ್ಲದ ಕಡೆ ಇದು ಉಪಯುಕ್ತವಾದರೂ, ಸಿಮ್ಯುಲೇಷನ್ ಫಲವನ್ನೇ ಅಳತೆಯ ಫಲವೆಂದು ರೆಕಾರ್ಡಿನಲ್ಲಿ ದಾಖಲಿಸುವ ಕಡೆ ಬೆಸುಗೆ, ಫಲಕ ಮತ್ತು ಕನೆಕ್ಟರುಗಳಿಂದ ಹುಟ್ಟುವ ವ್ಯತ್ಯಾಸ ವಿದ್ಯಾರ್ಥಿಯ ಗಮನಕ್ಕೆ ಬರುವುದೇ ಇಲ್ಲ.

ಸರ್ಕಾರದ ಮಟ್ಟದಲ್ಲಿ ಮೂರು ಬೆಳವಣಿಗೆಗಳು ಗಮನಾರ್ಹ. ಮದರಾಸಿನ ಐಐಟಿಯ ನೇತೃತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎಂಟು ಸಂಸ್ಥೆಗಳು ಕೂಡಿ ಅಭಿವೃದ್ಧಿಪಡಿಸಿದ 5ಜಿ ಪರೀಕ್ಷಾ ವ್ಯವಸ್ಥೆ 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. 2023ರ ಅಕ್ಟೋಬರಿನಲ್ಲಿ ದೇಶದ 100 ಶಿಕ್ಷಣ ಸಂಸ್ಥೆಗಳಿಗೆ 5ಜಿ ಬಳಕೆಯ ಪ್ರಯೋಗಾಲಯಗಳನ್ನು ನೀಡಲಾಯಿತು. ಈ ಎರಡನೆಯವು ಜಾಲದ ಅನ್ವಯಗಳಿಗೆ ಮೀಸಲಾದವು, ಮಂಡಲ ವಿನ್ಯಾಸ ಅವುಗಳ ಮುಖ್ಯ ಉದ್ದೇಶವಲ್ಲ. ಚಿಪ್ ವಿನ್ಯಾಸಕ್ಕೆ ಸಂಬಂಧಿಸಿದ ಚಿಪ್ಸ್ ಟು ಸ್ಟಾರ್ಟಪ್ ಕಾರ್ಯಕ್ರಮದಡಿ ಕಾಲೇಜುಗಳಿಗೆ ದುಬಾರಿ ವಿನ್ಯಾಸ ತಂತ್ರಾಂಶಗಳು ದೊರೆಯುತ್ತಿವೆ. ವಿದ್ಯಾರ್ಥಿಗಳ ವಿನ್ಯಾಸಗಳನ್ನು ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ 180 ನ್ಯಾನೊಮೀಟರ್ ತಂತ್ರದಲ್ಲಿ ತಯಾರಿಸಿಕೊಡುವ ಏರ್ಪಾಡೂ ಇದೆ.

5ಜಿಯ ಮೇಲಿನ ಪಟ್ಟಿಗಳು 26 ಗಿಗಾಹರ್ಟ್ಸ್‌ನ ಆಚೆಗೂ ಚಾಚಿರುವುದು ಹೊಸ ಅಗತ್ಯಗಳನ್ನು ತಂದಿದೆ. ಅಲ್ಲಿ ತರಂಗದೂರ 12 ಮಿಲಿಮೀಟರಿಗಿಂತ ಕಡಿಮೆ. ಎಫ್ಆರ್-4 ನಷ್ಟದ ಕಾರಣದಿಂದ ನಿರುಪಯೋಗಿಯಾಗುತ್ತದೆ. 18 ಗಿಗಾಹರ್ಟ್ಸ್‌ವರೆಗೆಂದು ರೂಢಿಯಲ್ಲಿ ಬಳಸುವ ಸಾಮಾನ್ಯ ಎಸ್‌ಎಂಎ ಕನೆಕ್ಟರುಗಳ ಬದಲು ಹೆಚ್ಚು ನಾಜೂಕಾದ 2.92 ಮಿಲಿಮೀಟರ್ ಕನೆಕ್ಟರುಗಳು ಬೇಕಾಗುತ್ತವೆ. ಆಂಟೆನಾಗಳ ಸಾಲು ಮತ್ತು ಅದರ ಹಿಂದಿನ ಚಿಪ್ಪು ಒಂದೇ ಪೊಟ್ಟಣದಲ್ಲಿ ಸೇರಿಹೋಗಿರುವುದರಿಂದ ಅನೇಕ ಸಾಧನಗಳಲ್ಲಿ ಕೇಬಲ್ ಜೋಡಿಸಲು ದ್ವಾರವೇ ಇರುವುದಿಲ್ಲ. ಅಳತೆಯನ್ನು ಗಾಳಿಯ ಮೂಲಕವೇ ಪ್ರತಿಧ್ವನಿರಹಿತ ಕೋಣೆಯಲ್ಲಿ ನಡೆಸಬೇಕಾಗುತ್ತದೆ. ಮೇಜಿನ ಮೇಲಿಡಬಹುದಾದ ಸಣ್ಣ ಪ್ರತಿಧ್ವನಿರಹಿತ ಪೆಟ್ಟಿಗೆಗಳು ಈ ಕಾರಣಕ್ಕಾಗಿಯೇ ಸ್ನಾತಕೋತ್ತರ ಪ್ರಯೋಗಾಲಯಗಳಲ್ಲಿ ಬಳಕೆಗೆ ಬರುತ್ತಿವೆ.